ಕಪ್ಪು ರೇಷ್ಮೆಯ ಎರಡಕ್ಷರ

ಮೊನ್ನೆ ಎಡಿನ್‌ಬರೋದಿಂದ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ನಮ್ಮ ಮನೆಗೆ ಬಂದಿದ್ದ. ಗೋಡೆಯ ಮೇಲಿನ ಸ್ಯಾಂಪ್ಲರ್, ಅಂದರೆ ನಮ್ಮ ಹಿರಿಯಳು ಎಪ್ಪಿ ಹುಡುಗಿಯಾಗಿದ್ದಾಗ ಹೊಲಿದ ಅಕ್ಷರದ ಕಸೂತಿ ಬಟ್ಟೆ, ಕಣ್ಣಿಗೆ ಬಿದ್ದದ್ದೇ ತಡ, ಕುರ್ಚಿ ಹತ್ತಿ ಮೂಗು ತಾಗಿಸಿ ನೋಡಿದ.

"ನೂರೆಂಬತ್ತು ವರ್ಷದ್ದು. ನವಿಲು ಎಷ್ಟು ಚೆನ್ನಾಗಿದೆ! ಅಕ್ಷರಮಾಲೆ ಮೂರು ಥರದ್ದು, ಚೌಕಟ್ಟು ತಿಮಿಂಗಿಲದ ಮೂಳೇದು. ಆದ್ರೆ ಇಲ್ನೋಡಿ, ಈ ಎರಡಕ್ಷರದ ಹತ್ರ ಬಟ್ಟೆ ಹಾಳಾಗಿದೆ. ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಇದೊಂದು ಇಲ್ದೇ ಇದ್ದಿದ್ರೆ..." ಎಂದು ಲೊಚಗುಟ್ಟಿದ.

ಹಾಳಾಗಿದೆಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಚಹಾ ಕುಡಿಸಿ ಸಾಗಹಾಕಿದೆ. ಆ ಎರಡಕ್ಷರದ ಕತೆಯನ್ನು ಎಪ್ಪಿ ತನ್ನ ಮುಪ್ಪಿನಲ್ಲಿ ತಮ್ಮನ ಮಗಳಿಗೆ ಹೇಳಿದ್ದಳು. ಆಕೆ ನಮ್ಮಜ್ಜಿಗೆ ಹೇಳಿದಳು, ಅಜ್ಜಿ ನನಗೆ. ಹೇಳುವಾಗಲೆಲ್ಲ ಅಜ್ಜಿ ಬಾಗಿಲು ಮುಂದೆ ಮಾಡುತ್ತಿದ್ದಳು. ಸತ್ತು ಮಣ್ಣಾದವಳ ಮಾನವನ್ನು ಬೀದಿಗೆ ಹಾಕಬಾರದು ಎಂದು ಅವಳ ಎಣಿಕೆ. ಈಗ ಅದೆಲ್ಲ ಯಾಕೆ, ಹೇಳಿಬಿಡುತ್ತೇನೆ.

ಎಪ್ಪಿ ಎಂದರೆ ಎಲ್‌ಸ್ಪೆಟ್ ಕಾರ್ಡಿನರ್. ನಮ್ಮ ಪೀಟರ್‌ಹೆಡ್ ಊರಿನ ಬಂದರಿಗೆ ಬೆನ್ನು ಹಾಕಿದ ಓಣಿಯಲ್ಲಿ ಅವಳ ಮನೆ. ಆ ಕಾಲದಲ್ಲಿ ಹೆಣ್ಣುಮಕ್ಕಳು ಹತ್ತು ವರ್ಷಕ್ಕೆ ಸೂಜಿ ಹಿಡಿದು ಕೂರಲೇಬೇಕಿತ್ತು. ನಾರುಬಟ್ಟೆಯ ಎಳೆ ಎಣಿಸಿ, ದಾರವನ್ನು ಒಂದರ ಮೇಲೊಂದು ಅಡ್ಡ ಹಾಕಿ, ಎ ಯಿಂದ ಝಡ್‌ವರೆಗೆ ಹೊಲಿಯಬೇಕು. ನಾಳೆ ದೊಡ್ಡವರ ಮನೆಗೆ ಚಾಕರಿಗೆ ಹೋದರೆ ಅವರ ಹಾಸಿಗೆ ಹೊದಿಕೆಗೆಲ್ಲ ಗುರುತಿನ ಅಕ್ಷರ ಹಾಕಬೇಕಲ್ಲ, ಅದಕ್ಕೆ. ಅಕ್ಷರದ ಕೆಳಗೆ ಒಂದು ಮನೆ, ಎರಡು ಮರ, ಬಾಲ ಬಿಚ್ಚಿದ ನವಿಲು. ನವಿಲನ್ನು ನಮ್ಮೂರಲ್ಲಿ ಕಂಡವರು ಯಾರೂ ಇರಲಿಲ್ಲ, ಆದರೂ ನವಿಲಿಲ್ಲದ ಸ್ಯಾಂಪ್ಲರ್ ಇರಲಿಲ್ಲ. ಎಲ್ಲಕ್ಕಿಂತ ಕೆಳಗೆ ಮನೆಯವರ ಹೆಸರಿನ ಮೊದಲಕ್ಷರಗಳು. ಅಪ್ಪ ಗಿಲ್ಬರ್ಟ್ ಕಾರ್ಡಿನರ್, ಜಿ.ಸಿ. ಅಮ್ಮ ಬಾರ್ಬರಾ ಮಚ್, ಬಿ.ಎಂ. ನಮ್ಮಲ್ಲಿ ಹೆಂಗಸರಿಗೆ ಮದುವೆಯಾದರೂ ತವರಿನ ಹೆಸರೇ. ಬದುಕಿದ್ದವರ ಅಕ್ಷರ ಕೆಂಪು ದಾರದಲ್ಲಿ, ತೀರಿಹೋದವರದು ಕಪ್ಪು ರೇಷ್ಮೆಯಲ್ಲಿ. ಗೋಡೆ ನೋಡಿದರೆ ಸಾಕು, ಆ ಮನೆಯಲ್ಲಿ ಯಾರಿದ್ದಾರೆ ಯಾರಿಲ್ಲ ಎಂದು ಗೊತ್ತಾಗಿಬಿಡುತ್ತಿತ್ತು.

ಸಾವಿರದ ಎಂಟುನೂರ ಮೂವತ್ತೈದರ ಮಾತು. ಗಿಲ್ಬರ್ಟ್ ತಿಮಿಂಗಿಲದ ಬೇಟೆಗೆ ಹೋಗುವ 'ಯೂಗಿ' ಹಡಗಿನಲ್ಲಿ ಹಾಯಿ ಹೊಲಿಯುವವನು. ಅಕ್ಟೋಬರಿಗೆ ವಾಪಸಾಗಬೇಕಿದ್ದ ಹಡಗು ಬರಲಿಲ್ಲ. ಬೇರೆ ಎರಡು ಹಡಗು ಬಂದವು. ಅವುಗಳ ಜನ ಯೂಗಿಯನ್ನು ಹಿಮಗಡ್ಡೆಯ ನಡುವೆ ಕಂಡದ್ದು ನಿಜ, ಒಂದು ಕಡೆ ವಾಲಿತ್ತು ಎಂದರು. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕಪ್ಪು ಉಟ್ಟರು.

ಬಾರ್ಬರಾ ಮಾತ್ರ ಉಡಲಿಲ್ಲ. ಪಕ್ಕದ ಮನೆಯ ಮೆಗ್ ಬಂದು ಬುದ್ಧಿ ಹೇಳಿದರೆ, "ವಾಲಿದ್ದನ್ನ ಕಂಡ್ರು ಸರಿ. ಮುಳುಗಿದ್ದನ್ನ ಯಾರು ಕಂಡ್ರು? ಒಬ್ಬರ ಹೆಸರು ಹೇಳು ನೋಡೋಣ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳದು ಇದ್ದದ್ದೇ ಒಂದು ಒಳ್ಳೆಯ ಗೌನು, ನೀಲಿ. ಭಾನುವಾರ ಚರ್ಚಿಗೆ ಅದನ್ನೇ ಉಟ್ಟು ಹೋಗುತ್ತಿದ್ದಳು, ನೋಡುವವರು ನೋಡಲಿ ಎಂದು. ದಿನಾ ಊಟಕ್ಕೆ ಕೂರುವಾಗ ಗಿಲ್ಬರ್ಟನ ತಟ್ಟೆಯನ್ನೂ ಇಡುತ್ತಿದ್ದಳು. ಅಂಚಿಗೆ ಹಸಿರು ಗೆರೆಯ ತಟ್ಟೆ. ಎಪ್ಪಿಗೊಂದು, ಎರಡು ವರ್ಷದ ತಮ್ಮ ಆಲಿಕ್‌ಗೊಂದು, ತನಗೊಂದು, ಗಂಡನಿಗೊಂದು. ಊಟವಾದ ಮೇಲೆ ಯಾರೂ ಉಣ್ಣದ ಆ ತಟ್ಟೆಯನ್ನೂ ಉಳಿದವುಗಳ ಜೊತೆ ತೊಳೆದು ಇಡುತ್ತಿದ್ದಳು.

ಎಪ್ಪಿಗೆ ಆ ತಟ್ಟೆ ಕಂಡರೆ ಆಗುತ್ತಿರಲಿಲ್ಲ. ಸುಳ್ಳು ಹೇಳಬಾರದು, ಅವಳೇ ಹಾಗೆ ಹೇಳಿದ್ದು. ಬೇರೆ ಮನೆಗಳಲ್ಲಿ ಅತ್ತು ಮುಗಿಸಿದ್ದರು. ಇವರ ಮನೆಯಲ್ಲಿ ಅಳುವಂತಿಲ್ಲ, ನಗುವಂತಿಲ್ಲ, ಆ ತಟ್ಟೆಯ ಮುಂದೆ ಸುಮ್ಮನೆ ಉಣ್ಣಬೇಕು.

ಹೊಲಿಗೆ ಹೇಳಿಕೊಡುತ್ತಿದ್ದವಳು ಮಿಸ್ ಲೀಸ್ಕ್. ಅವಳ ಮನೆಯ ಮಹಡಿಯಲ್ಲಿ ಹದಿನಾಲ್ಕು ಹುಡುಗಿಯರು ಕೂರುತ್ತಿದ್ದರು. ಒಲೆ ಇದ್ದದ್ದು ಒಂದೇ, ಅದರ ಪಕ್ಕದ ಬೆಂಚಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಮಿಕ್ಕವರ ಬೆರಳು ಮರಗಟ್ಟಿ ಸೂಜಿ ಜಾರುತ್ತಿತ್ತು. ಕಪ್ಪು ರೇಷ್ಮೆ ದುಬಾರಿ. ಮಿಸ್ ಲೀಸ್ಕ್ ಅದನ್ನು ಒಂದು ತಗಡಿನ ಡಬ್ಬಿಯಲ್ಲಿ ಬೀಗ ಹಾಕಿ ಇಟ್ಟಿದ್ದಳು. ಜನವರಿಯಲ್ಲಿ ಟಿಬ್ಬಿ ಬರ್ನಿ ಎಂಬ ಹುಡುಗಿ ಬಂದು, ಅಪ್ಪನ ಅಕ್ಷರಕ್ಕೆ ಕಪ್ಪು ಬೇಕೆಂದು ಕೇಳಿದಳು. ಅವಳಪ್ಪನೂ ಯೂಗಿಯಲ್ಲೇ ಹೋದವನು. ಮಿಸ್ ಲೀಸ್ಕ್ ಡಬ್ಬಿಯ ಬೀಗ ತೆಗೆದಳು, ಟಿಬ್ಬಿಯ ತಲೆ ಸವರಿದಳು, ಒಲೆಯ ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ಎಲ್ಲ ಹುಡುಗಿಯರೂ ಪಿಸುಮಾತಿಗೆ ಇಳಿದರು. ಒಬ್ಬಳು ತನ್ನ ಸಕ್ಕರೆಕಡ್ಡಿಯನ್ನೇ ಕೊಟ್ಟುಬಿಟ್ಟಳು.

ಎಪ್ಪಿಯ ಬಟ್ಟೆಯಲ್ಲಿ ಜಿ.ಸಿ. ಬರಬೇಕಾದ ಜಾಗ ಖಾಲಿ ಇತ್ತು. ಫೆಬ್ರವರಿಯಲ್ಲಿ ಪಾದ್ರಿ, ಪಾದ್ರಿಯ ಹೆಂಡತಿ, ತಾಯಂದಿರು ಎಲ್ಲ ಬಂದು ಹುಡುಗಿಯರ ಕೆಲಸ ನೋಡುವ ದಿನ. ಇನ್ನು ಎರಡು ವಾರ ಇರುವಾಗ ಮಿಸ್ ಲೀಸ್ಕ್ ಮೆಲ್ಲಗೆ ಕೇಳಿದಳು. "ಎಪ್ಪಿ, ನಿಮ್ಮಪ್ಪಂದು ಯಾವ ಬಣ್ಣದಲ್ಲಿ ಹಾಕ್ತೀಯಮ್ಮ? ಮನೇಲಿ ಕೇಳ್ಕೊಂಡು ಬಾ."

ಮನೆಯಲ್ಲಿ ಕೇಳುವುದಾದರೂ ಏನನ್ನ? ಕೇಳಿದರೆ ಅಮ್ಮ ಕೆಂಪು ಎನ್ನುತ್ತಾಳೆ, ಅಷ್ಟು ಗೊತ್ತಿತ್ತು. ಎಪ್ಪಿ ಕೇಳಲೇ ಇಲ್ಲ. ಮರುದಿನ ಬೆಳಗ್ಗೆ ಬೆರಳಿಗೆ ಬಾಯಿಯ ಉಸಿರು ಊದಿಕೊಳ್ಳುತ್ತ ಹೋಗಿ ನಿಂತು ಹೇಳಿದಳು, "ಕಪ್ಪು ಹಾಕು ಅಂದ್ಲು ಮಿಸ್, ಅಮ್ಮ."

ಮಿಸ್ ಲೀಸ್ಕ್ ಅವಳನ್ನು ಎದೆಗೆ ಅವುಚಿಕೊಂಡು ಗಳಗಳ ಅತ್ತಳು. "ಪಾಪ ಬಾರ್ಬರಾ, ಅಂತೂ ಒಪ್ಕೊಂಡ್ಲಲ್ಲ" ಎಂದಳು. ಡಬ್ಬಿ ತೆರೆಯಿತು. ಟಿಬ್ಬಿ ಸರಿದು ಜಾಗ ಬಿಟ್ಟಳು. ಎರಡೇ ಅಕ್ಷರ, ಅರ್ಧ ದಿನದ ಕೆಲಸ. ಎಪ್ಪಿ ಅದನ್ನು ಎಂಟು ದಿನ ಹೊಲಿದಳು. ಬೆನ್ನಿಗೆ ಬಿಸಿ ತಾಗುತ್ತಿತ್ತು, ಎಲ್ಲರೂ ಮೆತ್ತಗೆ ಮಾತಾಡಿಸುತ್ತಿದ್ದರು. ಜೀವಮಾನದಲ್ಲಿ ಅಷ್ಟು ಸುಖವಾಗಿ ಕೂತು ಹೊಲಿದಿರಲಿಲ್ಲ ಎಂದು ಅವಳೇ ಹೇಳಿದಳಂತೆ, ಎಪ್ಪತ್ತು ವರ್ಷದವಳಾಗಿ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು. ಹತ್ತು ವರ್ಷದ ಮಗು, ಅಮ್ಮ ಬರುವ ದಿನ ಏನಾಗುತ್ತದೆಂದು ಯೋಚನೆ ಮಾಡಿದ್ದರೆ ತಾನೆ!

ಆ ದಿನ ಬಂತು. ಗೋಡೆಗೆ ಹಗ್ಗ ಕಟ್ಟಿ ಹದಿನಾಲ್ಕೂ ಸ್ಯಾಂಪ್ಲರನ್ನು ನೇತುಹಾಕಿದ್ದರು. ಬಾರ್ಬರಾ ಆಲಿಕ್‌ನನ್ನು ಸೊಂಟಕ್ಕೆ ಏರಿಸಿಕೊಂಡು ನೀಲಿ ಗೌನಿನಲ್ಲಿ ಬಂದಳು. ಕಪ್ಪು ಉಟ್ಟ ಹೆಂಗಸರ ನಡುವೆ ಅವಳೊಬ್ಬಳೇ ನೀಲಿ. ಮಗಳ ಬಟ್ಟೆ ಎಲ್ಲಿದೆಯೆಂದು ನಗುತ್ತ ಹುಡುಕಿದಳು. ನವಿಲು ಕಂಡಿತು, ಮನೆ ಕಂಡಿತು. ಆಮೇಲೆ ಕೆಳಗಿನ ಸಾಲು ಕಂಡಿತು.

ಎಪ್ಪಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ನಗು ಹಾಗೇ ಉಳಿಯಿತು, ತೆಗೆಯಲು ಮರೆತವರ ಹಾಗೆ. ಅಷ್ಟರಲ್ಲಿ ಪಾದ್ರಿಯ ಹೆಂಡತಿ ಬಂದು ಬಾರ್ಬರಾಳ ಕೈ ಹಿಡಿದುಕೊಂಡಳು.

"ಕೊನೆಗೂ ಮನಸ್ಸು ಗಟ್ಟಿ ಮಾಡ್ಕೊಂಡ್ರಲ್ಲ, ಒಳ್ಳೇದಾಯ್ತು. ಮಗೂಗೆ ನೀವೇ ಹೇಳಿದ್ರಂತೆ ಕಪ್ಪು ಹಾಕು ಅಂತ?"

ಮಿಸ್ ಲೀಸ್ಕ್ ನೋಡುತ್ತಿದ್ದಳು, ಪಾದ್ರಿ ನೋಡುತ್ತಿದ್ದ, ಹದಿಮೂರು ಹುಡುಗಿಯರೂ ನೋಡುತ್ತಿದ್ದರು. ಅಮ್ಮ 'ಇಲ್ಲ' ಎಂದರೆ ಮುಗಿಯಿತು, ಅಪ್ಪನನ್ನು ಬಾಯಾರೆ ಸಾಯಿಸಿದ ಸುಳ್ಳಿ ಎಂದು ಊರೆಲ್ಲ ಉಗಿಯುತ್ತದೆ.

ಬಾರ್ಬರಾ ಮಗಳ ಕಡೆ ಒಮ್ಮೆ ನೋಡಿದಳು.

"ಹೂಂ," ಎಂದಳು. "ನಾನೇ ಹೇಳಿದ್ದು."

ದಾರಿಯಲ್ಲಿ ಅಮ್ಮ ಹೊಡೆಯುತ್ತಾಳೆ ಎಂದುಕೊಂಡಿದ್ದಳು ಎಪ್ಪಿ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಟ್ಟಿಲಿಳಿಯುವಾಗ ಟಿಬ್ಬಿ ಓಡಿಬಂದು, "ಎಪ್ಪಿ, ನಾಳೆನೂ ಒಲೆ ಹತ್ರ ಕೂತ್ಕೊಳ್ಳೋಣ ಕಣೇ, ಮಿಸ್ ಹೇಳಿದ್ದಾರೆ, ನಮ್ಮಿಬ್ರಿಗೇ ಆ ಜಾಗ" ಎಂದುಬಿಟ್ಟಳು. ಬಾರ್ಬರಾ ಓಣಿಯ ತಿರುವಿನವರೆಗೆ ನಡೆದಳು. ಅಲ್ಲಿ ಆಲಿಕ್‌ನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಳ್ಳುತ್ತ ಕೇಳಿದಳು, "ಬೆಚ್ಚಗಿತ್ತೇನೇ?"

ಅಷ್ಟೇ. ಆಮೇಲೆ ಆ ವಿಷಯವನ್ನು ಅವಳು ಎಂದೂ ಎತ್ತಲಿಲ್ಲ.

ಆದರೆ ಊರ ಮುಂದೆ 'ನಾನೇ ಹೇಳಿದ್ದು' ಎಂದಮೇಲೆ ವಿಧವೆಯಾಗದೆ ಗತಿಯಿರಲಿಲ್ಲ. ಗಂಡ ಸತ್ತನೆಂದು ಒಪ್ಪಿಕೊಂಡೂ ನೀಲಿ ಉಡುವವಳನ್ನು ಯಾರು ಸುಮ್ಮನೆ ಬಿಡುತ್ತಾರೆ? ಮರುದಿನ ಮೆಗ್ ಬಣ್ಣದ ಹಂಡೆ ಹೊತ್ತು ತಂದಳು. "ಅಳು ಬಾರ್ಬರಾ, ಅತ್ರೆ ಹಗುರಾಗುತ್ತೆ" ಎಂದಳು. ಬಾರ್ಬರಾ ಅಳಲಿಲ್ಲ. ನೀಲಿ ಗೌನನ್ನು ಕುದಿಯುವ ಕಪ್ಪಿನಲ್ಲಿ ಅದ್ದಿ, ಕೋಲಿನಿಂದ ಒತ್ತಿ ಒತ್ತಿ ಮುಳುಗಿಸಿದಳು. ಆ ಸಂಜೆ ಮೇಜಿನ ಮೇಲೆ ಮೂರೇ ತಟ್ಟೆ ಇದ್ದವು. ಒಲೆಯ ಪಕ್ಕದ ಬೆಂಚಿಗೆ ಅವಳು ಮತ್ತೆ ಹೋಗಿ ಕೂರಲಿಲ್ಲ, ಕರೆದರೂ ಕೂರಲಿಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ಬಂದರಿನ ಕಡೆಯಿಂದ ಜನ ಕೂಗಿಕೊಂಡು ಓಡಿಬಂದರು. ಯೂಗಿ ಬಂದಿತ್ತು! ಅರ್ಧಕ್ಕರ್ಧ ಜನ ಇಲ್ಲ, ಟಿಬ್ಬಿಯ ಅಪ್ಪ ಇಲ್ಲ, ಆದರೆ ಗಿಲ್ಬರ್ಟ್ ಕಾರ್ಡಿನರ್ ಇದ್ದ. ಎಡಗಾಲಿನ ಎರಡು ಬೆರಳು ಕಳಕೊಂಡು, ಎದೆಯುದ್ದ ಗಡ್ಡ ಬಿಟ್ಟುಕೊಂಡು, ಕುಂಟುತ್ತ ಓಣಿಗೆ ಬಂದ. ಬಾಗಿಲಲ್ಲಿ ಕಪ್ಪು ಗೌನಿನ ಹೆಂಡತಿಯನ್ನು ಕಂಡು ನಿಂತ.

"ಅಯ್ಯಯ್ಯೋ, ಯಾರೇ ಸತ್ತಿದ್ದು?"

"ನೀನೇ ಮಾರಾಯ," ಎಂದಳು ಬಾರ್ಬರಾ. ಎಂದವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಏಳು ತಿಂಗಳ ಅಳುವನ್ನೆಲ್ಲ ಅತ್ತಳು. ಗಿಲ್ಬರ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ, ಓಣಿಯೆಲ್ಲ ನಕ್ಕಿತು. ಎಪ್ಪಿ ಹಿತ್ತಲಿನ ಮೀನಿನ ಪೀಪಾಯಿಗಳ ಹಿಂದೆ ಅಡಗಿ ಕೂತಿದ್ದಳು.

ಅಪ್ಪ ಹುಡುಕಿಕೊಂಡು ಬಂದ. ಅವನ ಕೈಯಲ್ಲಿ ಹಾಯಿಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು. ಬಿಚ್ಚಿದರೆ ಚೌಕಟ್ಟು. ತಿಮಿಂಗಿಲದ ದವಡೆಯ ಮೂಳೆಯನ್ನು ಕೊಯ್ದು, ಉಜ್ಜಿ, ನಾಲ್ಕು ಮೂಲೆಗೂ ಹೂವು ಕೆತ್ತಿದ್ದ.

"ಅಲ್ಲಿ ಕತ್ತಲೇಲಿ ಮಾಡೋಕ್ಕೆ ಬೇರೆ ಏನಿತ್ತು ಮಗಳೇ? ನಮ್ಮ ಎಪ್ಪಿ ಸ್ಯಾಂಪ್ಲರ್ ಮುಗಿಸಿರ್ತಾಳೆ, ಅದಕ್ಕೊಂದು ಕಟ್ಟು ಬೇಕಲ್ಲ ಅಂತ. ಎಲ್ಲಿ, ತಾ ನೋಡೋಣ."

"ಇನ್ನೂ ಮುಗಿದಿಲ್ಲಪ್ಪ," ಎಂದಳು ಎಪ್ಪಿ. ಇದು ಎರಡನೆಯ ಸುಳ್ಳು.

ಮರುದಿನ ಬಂಡೆಗಳ ಮರೆಯಲ್ಲಿ ಕೂತು ಕಪ್ಪು ಅಕ್ಷರ ಬಿಚ್ಚಿದಳು. ಚೆನ್ನಾಗಿ ಬಿಗಿಯಾಗಿ ಹೊಲಿದಿದ್ದಳಲ್ಲ, ಎಂಟು ದಿನ ಕೂತು! ಬಿಡಿಸಲು ಬರಲಿಲ್ಲ. ಅವಸರದಲ್ಲಿ ಕತ್ತರಿಯ ತುದಿ ಬಟ್ಟೆಯನ್ನೇ ಕಚ್ಚಿತು, ಬೇಳೆಕಾಳಿನಷ್ಟು ತೂತಾಯಿತು. ಬಿಳಿಯ ಮೇಲೆ ಕಪ್ಪಿನ ಕಲೆ ಉಳಿಯಿತು. ಅದರ ಮೇಲೆಯೇ ಕೆಂಪು ದಾರದಲ್ಲಿ ಜಿ.ಸಿ. ಎಂದು ತುಂಬಿದಳು. ಅಕ್ಷರ ಸೊಟ್ಟಗಾಗಿ ಬಟ್ಟೆ ಮುದುಡಿತು. ಅದನ್ನೇ ಒಯ್ದು ಕೊಟ್ಟಳು.

ಗಿಲ್ಬರ್ಟ್ ತನ್ನ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದ. ಅವನಿಗೆ ಓದಲು ಬರುತ್ತಿದ್ದದ್ದು ಆ ಎರಡೇ ಅಕ್ಷರ. ಆಮೇಲೆ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದ. ಬಹಳ ಹೊತ್ತು ನೋಡಿದ.

"ನವಿಲು ಚೆನ್ನಾಗಿದೆ," ಎಂದ. ಹಲಗೆ ಇಟ್ಟು ಮೊಳೆ ಹೊಡೆದ.

ಅಂದಿನಿಂದ ಅದು ಗೋಡೆಯ ಮೇಲೆ. ಮುಂದಿನ ವರ್ಷ ಮತ್ತೆ ಹಡಗು ಹತ್ತುವಾಗ ಗಿಲ್ಬರ್ಟ್ ಬಾಗಿಲಲ್ಲಿ ನಿಂತು ತಮಾಷೆ ಮಾಡಿದ, "ಬಾರ್ಬರಾ, ಕಪ್ಪು ದಾರ ತೆಗೆದಿಟ್ಕೋ." ಓಣಿಯವರೆಲ್ಲ ನಕ್ಕರು. ಆಮೇಲೆ ಅದೊಂದು ರೂಢಿಯೇ ಆಯಿತು. ಪ್ರತಿ ವರ್ಷ ಅದೇ ಬಾಗಿಲು, ಅದೇ ಮಾತು, ಅದೇ ನಗು. ಬಾರ್ಬರಾ ಮಾತ್ರ ನಗುತ್ತಿರಲಿಲ್ಲ, "ಹೋಗಿ ಬಾ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಗೌನಿನ ವಿಷಯದ ತಮಾಷೆ ಎಂದು ಎಪ್ಪಿ ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡರೂ ಆ ಮಾತು ಬಂದಾಗಲೆಲ್ಲ ಅವಳ ಕಿವಿಯ ತನಕ ಮುಖ ಕೆಂಪಾಗುತ್ತಿತ್ತು. ನಾಳೆ ಹೇಳುತ್ತೇನೆ, ಅಪ್ಪ ವಾಪಸು ಬಂದಮೇಲೆ ಹೇಳುತ್ತೇನೆ ಎನ್ನುತ್ತ ವರ್ಷಗಳು ಹೋದವು.

ಎಪ್ಪಿ ಮದುವೆಯಾಗಲಿಲ್ಲ. ಮಿಸ್ ಲೀಸ್ಕ್ ತೀರಿಕೊಂಡಮೇಲೆ ಅದೇ ಮಹಡಿಯಲ್ಲಿ ಅವಳೇ ಹೊಲಿಗೆ ಕಲಿಸಿದಳು. ಒಲೆಯ ಪಕ್ಕದ ಜಾಗಕ್ಕೆ ಸರದಿ ಮಾಡಿದಳು, ದಿನಕ್ಕಿಬ್ಬರು, ಯಾರಪ್ಪ ಸತ್ತರೂ ಸರದಿ ತಪ್ಪುವಂತಿಲ್ಲ. ಕಪ್ಪು ರೇಷ್ಮೆ ಬೇಕಾದ ಹುಡುಗಿ ತಾಯಿಯ ಕೈ ಹಿಡಿದು ಕರೆತರಬೇಕು, ತಾಯಿ ತನ್ನ ಬಾಯಲ್ಲೇ ಕೇಳಬೇಕು. "ಗಂಡ ಸತ್ತವಳನ್ನ ಮೆಟ್ಟಿಲು ಹತ್ತಿಸ್ತಾಳಲ್ಲ, ಇವಳಿಗೇನು ಕರುಳಿಲ್ವಾ?" ಎಂದು ಊರು ಬೈಯಿತು. ಬೈಯಲಿ ಎಂದು ಸುಮ್ಮನಿದ್ದಳು. ಆಮೇಲೆ ಜರ್ಮನಿಯ ಬಣ್ಣದ ಉಣ್ಣೆ ಬಂತು, ಅಚ್ಚು ಹಾಕಿದ ನಕ್ಷೆಗಳು ಬಂದವು, ಹುಡುಗಿಯರಿಗೆ ನಾಯಿಮರಿ ಹೊಲಿಯುವ ಹುಚ್ಚು ಹತ್ತಿತು, ಮನೆಯವರ ಅಕ್ಷರ ಹೊಲಿಯುವುದೇ ನಿಂತಿತು. ಊರೆಲ್ಲ ಅಯ್ಯೋ ಎಂದಿತು. ಎಪ್ಪಿಗೆ ಮಾತ್ರ ಒಳಗೊಳಗೇ ನಿರಾಳ.

ಸಾವಿರದ ಎಂಟುನೂರ ಅರವತ್ತೊಂಬತ್ತರ ಮಾರ್ಚಿನಲ್ಲಿ ಬಾರ್ಬರಾ ತೀರಿಕೊಂಡಳು. ಮೂರು ದಿನ ಕೆಮ್ಮಿದಳು, ನಾಲ್ಕನೆಯ ದಿನ ಇಲ್ಲ. ಆಗ ಗಿಲ್ಬರ್ಟ್‌ಗೆ ಎಪ್ಪತ್ತು ದಾಟಿತ್ತು, ಸಮುದ್ರ ಬಿಟ್ಟು ಹತ್ತು ವರ್ಷವಾಗಿತ್ತು. ಮಣ್ಣು ಮಾಡಿ ಬಂದ ಮರುದಿನ ಮಧ್ಯಾಹ್ನ ಅವನೇ ಗೋಡೆಯಿಂದ ಚೌಕಟ್ಟು ಇಳಿಸಿ ಕಿಟಕಿಯ ಬೆಳಕಿಗೆ ಕೂತ. ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕೆಂಪು ಬಿಚ್ಚಿ ಕಪ್ಪು ಹಾಕುವ ಪದ್ಧತಿ ಇತ್ತು.

"ಬಾ, ನಿಮ್ಮಮ್ಮಂದು ಹಾಕ್ಬಿಡು," ಎಂದು ಮೊಳೆ ಕಿತ್ತ. ಬಟ್ಟೆಯನ್ನು ಹೊರತೆಗೆದು ಬೋರಲು ಹಾಕಿದ. ಜಿ.ಸಿ.ಯ ಹಿಂಬದಿಗೆ ಉಗುರು ಇಟ್ಟು ತೋರಿಸಿದ. ಕೆಂಪು ದಾರದ ಕೆಳಗೆ ಕಪ್ಪು ರೇಷ್ಮೆಯ ತುಂಡುಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು.

"ಹಾಯಿ ಹೊಲಿದವನು ನಾನು. ಅಕ್ಷರ ಓದೋಕ್ಕೆ ಬರಲ್ಲ, ಹೊಲಿಗೆ ಹಿಂಬದಿ ಓದೋಕ್ಕೆ ಬರುತ್ತೆ. ಅವತ್ತೇ ನೋಡಿದ್ದೆ. ರಾತ್ರಿ ನಿಮ್ಮಮ್ಮನ್ನ ಕೇಳ್ದೆ. ನಾನೇ ಹೇಳಿದ್ದು ಅಂದ್ಲು."

ಎಪ್ಪಿ ಕೈಗೆತ್ತಿಕೊಂಡಿದ್ದ ಸೂಜಿಯನ್ನು ಕೆಳಗಿಟ್ಟಳು.

"ಬೈಲಿಲ್ಲ ನಾನು," ಎಂದ ಗಿಲ್ಬರ್ಟ್. "ಹೆಂಗಸು ಎಷ್ಟೂಂತ ಕಾಯ್ತಾಳೆ? ಆದ್ರೆ ಅಲ್ಲಿ ಮಂಜಲ್ಲಿ, ಜೊತೆಯವರು ಒಬ್ಬೊಬ್ರೇ ಹೋಗ್ತಿದ್ರು ನೋಡು, ಆಗ ನಾನು ಬದುಕಿದ್ದೇ ಒಂದು ಧೈರ್ಯದ ಮೇಲೆ. ಯಾರು ಬಿಟ್ರೂ ಬಾರ್ಬರಾ ನನ್ನ ಆಸೆ ಬಿಡಲ್ಲ ಅಂತ. ಬಂದ್ರೆ ಫೆಬ್ರವರಿಗೇ ಹೊಲಿದು ಮುಗಿಸಿದ್ಲು. ಅದೊಂದು ಮುಳ್ಳು ಉಳ್ಕೊಂಡ್ಬಿಡ್ತು ಕಣೇ. ಹೊರಡುವಾಗೆಲ್ಲ ಕಪ್ಪು ದಾರ ತೆಗೆದಿಟ್ಕೋ ಅಂತಿದ್ದೆನಲ್ಲ, ನಗೋಕ್ಕೆ ಹೇಳಿದ್ದಲ್ಲ ಅದು. ಅವಳಿಗೂ ಗೊತ್ತಿತ್ತು."

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಹೇಳಬಲ್ಲವಳು ಮಣ್ಣಲ್ಲಿ ಮಲಗಿದ್ದಳು. ನಲವತ್ನಾಲ್ಕು ವರ್ಷದ ಎಪ್ಪಿ ಅಪ್ಪನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಅಪ್ಪಾ, ಅಮ್ಮ ಹೇಳ್ಲಿಲ್ಲ. ನಾನು ಅವಳನ್ನ ಕೇಳಲೇ ಇಲ್ಲ. ಕಪ್ಪು ಹಾಕಿದವರಿಗೆ ಒಲೆ ಹತ್ರ ಜಾಗ ಕೊಡ್ತಿದ್ರು. ಅದಕ್ಕೆ ಸುಳ್ಳು ಹೇಳ್ದೆ. ಎಲ್ರ ಮುಂದೆ ನನ್ನ ಮರ್ಯಾದೆ ಹೋಗ್ಬಾರ್ದು ಅಂತ ಅವಳು ಹೂಂ ಅಂದ್ಲು."

"ಒಲೆ ಹತ್ರ?"

"ಹೂಂ. ಅವಳು ಅವತ್ತಿನವರೆಗೂ ನೀಲೀನೇ ಉಡ್ತಿದ್ಲು. ದಿನಾ ನಿನ್ನ ತಟ್ಟೆ ಇಡ್ತಿದ್ಲು, ನಮ್ಮ ಜೊತೇಲಿ. ಉಂಡಾದ್ಮೇಲೆ ತೊಳೆದಿಡ್ತಿದ್ಲು. ನಾನು ಹೊಲಿದ ಮೇಲೇನೇ ಬಿಟ್ಟಿದ್ದು."

ಗಿಲ್ಬರ್ಟ್‌ಗೆ ತಟ್ಟೆಯ ಸಂಗತಿ ಯಾರೂ ಹೇಳಿರಲಿಲ್ಲ. ಅವನು ಕೈಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಗಿಲಲ್ಲಿ ನಿಂತು ಹೇಳಿದ ಮಾತು, ಒಳಗೆ ಹೋಗಿಬಿಡುತ್ತಿದ್ದ ಅವಳ ಬೆನ್ನು, ಎಲ್ಲ ಕಣ್ಣ ಮುಂದೆ ಬಂದಿರಬೇಕು. ಬೈಯಲಿಲ್ಲ. ಒಂದೇ ಮಾತು ಕೇಳಿದ.

"ಅವಳಿದ್ದಾಗ ಹೇಳ್ಬಾರ್ದಿತ್ತೇನೇ, ಎಪ್ಪಿ?"

ಎಪ್ಪಿ ಕೆಳಗಿಟ್ಟ ಸೂಜಿ ಎತ್ತಿಕೊಂಡು ಕಪ್ಪು ರೇಷ್ಮೆ ಪೋಣಿಸಿದಳು.

ಬಿ.ಎಂ. ಅನ್ನು ಆ ಮಧ್ಯಾಹ್ನವೇ ಕಪ್ಪಿನಲ್ಲಿ ಹೊಲಿದಳು. ಜಿ.ಸಿ. ಕೊನೆಗೂ ಕೆಂಪಾಗಿಯೇ ಉಳಿಯಿತು. ಐದು ವರ್ಷದ ಮೇಲೆ ಗಿಲ್ಬರ್ಟ್ ಹೋದಾಗ, ಹಿಂಬದಿಯಲ್ಲಿ ಉಳಿದಿದ್ದ ಆ ಹಳೇ ಕಪ್ಪು ರೇಷ್ಮೆಯ ಬಣ್ಣ ಬಟ್ಟೆಯನ್ನು ತಿಂದುಹಾಕಿತ್ತು, ಸೂಜಿ ಇಟ್ಟರೆ ಎಳೆ ಪುಡಿಯಾಗುತ್ತಿತ್ತು. ಅವನನ್ನು ಎರಡನೆಯ ಸಲ ಕಪ್ಪಿನಲ್ಲಿ ಹೊಲಿಯಲು ಜಾಗವೇ ಇರಲಿಲ್ಲ.

ಬಿ.ಎಂ. ಹೊಲಿದ ಆ ಸಂಜೆ ಎಪ್ಪಿ ಗಂಜಿ ಕಾಸಿ, ಹೆರಿಂಗ್ ಮೀನು ಹುರಿದು, ಎರಡು ತಟ್ಟೆ ಇಟ್ಟಳು. ಗಿಲ್ಬರ್ಟ್ ಎದ್ದು ಗೂಡಿನ ಹತ್ತಿರ ಕುಂಟಿಕೊಂಡು ಹೋಗಿ ಬಾರ್ಬರಾಳ ತಟ್ಟೆ ತಂದ. ಅವಳು ಕೂರುತ್ತಿದ್ದ ಜಾಗದಲ್ಲಿಟ್ಟು, ಅಂಚು ಸರಿಮಾಡಿ, ಕೂತು ಉಂಡ. ಮರುದಿನವೂ ಇಟ್ಟ. ಐದು ವರ್ಷ, ಒಂದು ಹೊತ್ತೂ ತಪ್ಪಿಸಲಿಲ್ಲ. ಮಗಳಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಊಟವಾದಮೇಲೆ ಎದ್ದು ಹೊರಗೆ ಹೋಗುತ್ತಿದ್ದ. ಯಾರೂ ಉಣ್ಣದ ಆ ತಟ್ಟೆಯನ್ನು ತೊಳೆದು ಇಡುತ್ತಿದ್ದವಳು ಎಪ್ಪಿ.